ಗೊತ್ತಿಲ್ಲ ಎನ್ನುವ ಪರದೆ

ಅಡುಗೆಮನೆಯಲ್ಲಿ ನಾವು ಹೆಂಗಸರು ಕಣ್ಣಿಗಿಂತ ಕಿವಿ, ಮೂಗುಗಳನ್ನೇ ಹೆಚ್ಚು ನಂಬುತ್ತೇವೆ. ಕುಕ್ಕರ್ ಎಷ್ಟು ಸಲ ಕೂಗಿತು, ಒಗ್ಗರಣೆ ಸೀದಿತೇ, ಹಾಲು ಉಕ್ಕಿತೇ ಎಂಬುದೆಲ್ಲ ನಡುಮನೆಯಲ್ಲಿ ಕೂತೇ ತಿಳಿಯುತ್ತದೆ. ಆದರೆ ಒಲೆ ಒಂದೂರಲ್ಲಿ, ಅಡುಗೆಯವಳು ಇನ್ನೊಂದೂರಲ್ಲಿ ಇದ್ದರೆ? ಇದೇನು ಹುಚ್ಚು ಪ್ರಶ್ನೆ ಎನ್ನಬೇಡಿ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, ಎರಡು ಮೀಟರ್ ಅಗಲದ ಕನ್ನಡಿಯುಳ್ಳ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕೂತು ನಡೆಸುವಂತೆ ಕಟ್ಟಿದ್ದಾರೆ. ಅಲ್ಲಿ ಮೋಡ ಕವಿಯಿತೇ, ಗಾಳಿ ಎದ್ದಿತೇ ಎಂಬುದು ಇಲ್ಲಿ ಕೂತವರಿಗೆ ಕಂಪ್ಯೂಟರಿನ ಪರದೆ ಹೇಳಿದಷ್ಟೇ.

ಇಂಥ ಪರದೆಗಳನ್ನು ರೂಪಿಸುವುದೇ ನಮ್ಮಕ್ಕನ ಮಗಳ ಉದ್ಯೋಗ. ಅವಳಿರುವುದು ವಿದೇಶದ ಒಂದು ಸಂಶೋಧನಾಲಯದಲ್ಲಿ. ಅಲ್ಲಿನ ಯಂತ್ರ ಎಲೆಕ್ಟ್ರಾನುಗಳನ್ನು ಸುರಂಗದೊಳಗೆ ಓಡಿಸುತ್ತದೆ. ಯಂತ್ರ ನಡೆಯುವಾಗ ವಿಕಿರಣದ ಕಾರಣ ಯಾರೂ ಒಳಗೆ ಕಾಲಿಡುವಂತಿಲ್ಲ. ಒಳಗಿನ ಅಯಸ್ಕಾಂತ, ಪಂಪುಗಳ ಸುದ್ದಿಯೆಲ್ಲ ಪರದೆಯ ಮೇಲೇ ಬರಬೇಕು.

ಕಳೆದ ವರ್ಷ ಊರಿಗೆ ಬಂದಾಗ ಅವಳಿಗೆ ಒಂದೇ ಚಿಂತೆ. ಹಳೆಯ ತಂತ್ರಾಂಶವನ್ನು ಬದಲಿಸಬೇಕು. ಇರುವುದರಲ್ಲೇ ಒಂದನ್ನು ಆರಿಸುವುದೋ, ತಾವೇ ಹೊಸದನ್ನು ಬರೆಯುವುದೋ? ತೀರ್ಮಾನ ಇವಳ ತಲೆಯ ಮೇಲೆ. ಹುರಳಿಕಾಯಿ ಸೋಸುತ್ತ ನನಗೆ ಪಾಠ ಹೇಳಿದಳು. ಸುಮಾರು 1990ರ ಹೊತ್ತಿಗೆ ಅಮೆರಿಕದ ಲಾಸ್ ಅಲಮೋಸ್ ಮತ್ತು ಆರ್ಗಾನ್ ಪ್ರಯೋಗಾಲಯಗಳು ಸೇರಿ 'ಎಪಿಕ್ಸ್' ಎಂಬ ನಿಯಂತ್ರಣ ವ್ಯವಸ್ಥೆ ಮಾಡಿದವಂತೆ. ಈಗ ಹಲವು ದೇಶಗಳ ಪ್ರಯೋಗಾಲಯಗಳು ಅದನ್ನು ಬಳಸಿ, ತಿದ್ದಿ, ಹಂಚಿಕೊಳ್ಳುತ್ತವೆ. ಅದರ ಅಂಕಿಅಂಶಗಳನ್ನು ಚಿತ್ರವಾಗಿ ತೋರಿಸಲು ಮೊದಲು ಬಂದವುಗಳಲ್ಲಿ 'ಎಂಇಡಿಎಂ' ಒಂದು. ಅದರ ತಳಹದಿಯಾದ ಮೋಟಿಫ್ ಈಗ ಮುದಿಯಾಗಿದೆ. ಆಮೇಲೆ ಜಾವಾದಲ್ಲಿ ಬರೆದ 'ಫೀಬಸ್', ಪೈಥಾನಿನಲ್ಲಿ ಬರೆದ 'ಪೈಡಿಎಂ' ಬಂದಿವೆ.

"ನಾವೇ ಬರೆದರೆ ನಮಗೆ ಬೇಕಾದ ಹಾಗೇ ಇರುತ್ತೆ, ಚಿಕ್ಕಮ್ಮ," ಎಂದಳು.

"ಅಲ್ಲ ಕಣೇ, ಬರೆದವರು ಕೆಲಸ ಬಿಟ್ಟು ಹೋದರೆ ನೋಡಿಕೊಳ್ಳೋರು ಯಾರು?" ಎಂದೆ. ಮೂವತ್ತು ವರ್ಷ ಪಾಠ ಮಾಡಿದವಳು ನಾನು. ಒಬ್ಬೊಬ್ಬ ಮೇಷ್ಟರೂ ತಮ್ಮದೇ ಪಠ್ಯಪುಸ್ತಕ ಬರೆದು, ವರ್ಗವಾಗಿ ಹೊರಟುಹೋದರೆ ಮಕ್ಕಳ ಗತಿಯೇನು? ಅವಳು ನಕ್ಕಳು. ಅವಳ ಭಯವೂ ಅದೇ ಆಗಿತ್ತು.

ಯಾವ ತಂತ್ರಾಂಶ ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಪರದೆ ಏನನ್ನು ಹೇಳುತ್ತದೆ ಎಂಬುದು. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುವಿದ್ಯುತ್ ಸ್ಥಾವರದಲ್ಲಿ ಒಂದು ಕವಾಟ ತೆರೆದೇ ಸಿಕ್ಕಿಕೊಂಡಿತು. ಫಲಕದ ದೀಪ ಮಾತ್ರ ಅದು ಮುಚ್ಚಿದೆ ಎಂಬ ಭಾವನೆ ಕೊಟ್ಟಿತು. ನಿಜವಾಗಿ ಆ ದೀಪ ತಿಳಿಸುತ್ತಿದ್ದುದು 'ಮುಚ್ಚು' ಎಂಬ ಆಜ್ಞೆ ಹೋಗಿದೆ ಎಂಬುದನ್ನಷ್ಟೇ. ಕವಾಟ ಮುಚ್ಚಿತೋ ಇಲ್ಲವೋ ಎಂಬುದನ್ನಲ್ಲ. ಎರಡು ಗಂಟೆಗೂ ಮಿಕ್ಕಿ ತಂಪುನೀರು ಸೋರಿಹೋಯಿತು. ಒಳಗಿನ ಇಂಧನದ ಸುಮಾರು ಅರ್ಧ ಭಾಗ ಕರಗಿತು. ಹೇಳಿದ್ದು ಬೇರೆ, ಆದದ್ದು ಬೇರೆ. ಎರಡಕ್ಕೂ ಒಂದೇ ದೀಪ ಇಟ್ಟರೆ ಹೀಗೆ.

ಅವಳು ಹೇಳಿದ್ದರಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಬಿಳಿ ಬಣ್ಣದ್ದು. ಎಂಇಡಿಎಂ ಪರದೆಯಲ್ಲಿ ಹಳದಿ ಎಂದರೆ ಎಚ್ಚರ, ಕೆಂಪು ಎಂದರೆ ಅಪಾಯ. ಯಂತ್ರದ ಸಂಪರ್ಕವೇ ತಪ್ಪಿಹೋದರೆ ಆ ಜಾಗ ಬಿಳಿಯಾಗುತ್ತದೆ. 'ನನಗೆ ಗೊತ್ತಿಲ್ಲ' ಎಂದು ಪರದೆಯೇ ಒಪ್ಪಿಕೊಂಡಂತೆ.

ಆಗ ನನಗೆ ನೆನಪಾದದ್ದು ನಮ್ಮ ಮನೆಯವರು ಐಸಿಯುನಲ್ಲಿದ್ದ ಆ ಮೂರು ರಾತ್ರಿ. ಹಾಸಿಗೆಯ ಪಕ್ಕದ ಪರದೆಯ ಮೇಲಿನ ಆಮ್ಲಜನಕದ ಅಂಕಿಯನ್ನೇ ದೇವರ ದೀಪದಂತೆ ನೋಡುತ್ತ ಕೂತಿದ್ದೆ. ಎರಡನೆಯ ರಾತ್ರಿ ಅಂಕಿ ಮಾಯವಾಗಿ ಬರೀ ಅಡ್ಡಗೆರೆ ಕಂಡಿತು. ನನ್ನ ಜೀವ ಬಾಯಿಗೆ ಬಂತು. ಸಿಸ್ಟರ್ ಓಡಿಬಂದರು. ಬೆರಳಿನ ಕ್ಲಿಪ್ಪು ಜಾರಿತ್ತು, ಅಷ್ಟೇ. ಸರಿಮಾಡಿದೊಡನೆ 96 ಎಂದು ಬಂತು. ಆ ಅಡ್ಡಗೆರೆಯನ್ನು ನಾನು ಬಹಳ ದಿನ ಶಪಿಸಿದ್ದೆ.

"ಅದು ಒಳ್ಳೇ ಯಂತ್ರ, ಚಿಕ್ಕಮ್ಮ," ಎಂದಳು ಇವಳು. "ಹಳೇ ಅಂಕಿಯನ್ನೇ ತೋರಿಸ್ತಾ ಕೂತಿದ್ದರೆ ನೀನು ನೆಮ್ಮದಿಯಾಗಿ ನಿದ್ದೆ ಮಾಡಿಬಿಡ್ತಿದ್ದೆ."

ನನ್ನ ಕೈಯ ಹುರಳಿಕಾಯಿ ಹಾಗೇ ನಿಂತಿತು.

ಅವಳು ಹಿಂತಿರುಗಿದ ಮೇಲೆ ಫೀಬಸ್ಸನ್ನೇ ಆರಿಸಿದರಂತೆ. ಜೊತೆಗೆ ತನ್ನವರಿಗೆ ಮೂರು ಕಟ್ಟಳೆ ಹಾಕಿದಳು. ಕೊಟ್ಟ ಆಜ್ಞೆಯನ್ನೂ ಆದ ಸ್ಥಿತಿಯನ್ನೂ ಪಕ್ಕಪಕ್ಕದಲ್ಲೇ ತೋರಿಸಬೇಕು. ಬಣ್ಣದ ಜೊತೆಗೆ ಅಕ್ಷರವೋ ಗುರುತೋ ಇರಬೇಕು. ಕೆಂಪು-ಹಸಿರಿನ ಭೇದ ಕಾಣದವರು ಗಂಡಸರಲ್ಲಿ ಕಡಿಮೆಯೇನಿಲ್ಲ. ಗೊತ್ತಿಲ್ಲದ್ದನ್ನು ಎಂದಿಗೂ ಅಂಕಿಯಾಗಿ ತೋರಿಸಕೂಡದು.

ಮೂರನೆಯ ಕಟ್ಟಳೆ ನಮ್ಮ ಶಾಲೆಗೂ ಸಲ್ಲುತ್ತದೆ. "ಅರ್ಥವಾಯಿತೇ?" ಎಂದರೆ ಇಡೀ ತರಗತಿ "ಹ್ಞೂಂ ಮಿಸ್" ಎಂದು ರಾಗ ಎಳೆಯುತ್ತದೆ. ನಲವತ್ತು ಹಸಿರು ದೀಪ! ಕೊನೆಯ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಎದ್ದು ನಿಂತು, "ನನಗೆ ಗೊತ್ತಾಗಲಿಲ್ಲ ಮಿಸ್" ಎನ್ನುತ್ತಾಳೆ. ಉಳಿದವರು ಕಿಸಕ್ಕನೆ ನಗುತ್ತಾರೆ. ನಾನು ನಗುವುದಿಲ್ಲ. ಬೋರ್ಡು ಒರೆಸಿ, ಆ ಲೆಕ್ಕವನ್ನು ಮತ್ತೆ ಮೊದಲಿನಿಂದ ಬರೆಯುತ್ತೇನೆ. ಆಗ ನಕ್ಕವರಲ್ಲೂ ಅರ್ಧ ಜನ ಪೆನ್ಸಿಲು ಕೈಗೆತ್ತಿಕೊಳ್ಳುತ್ತಾರೆ.