ಗಂಟೆ ಬಾರಿಸದ ಸಾಲಿ

ಮೊನ್ನೆ ಅಪ್ಪನ ಜೊತೆ ರೊಟ್ಟಿಯ ಗಂಟು ಹಿಡಿದು ಸವದತ್ತಿಯಿಂದ ಧಾರವಾಡದ ಸಪ್ತಾಪುರಕ್ಕೆ ಹೋಗಿದ್ದೆ. ಅಕ್ಕ ಅಲ್ಲಿ ರೂಮು ಮಾಡಿಕೊಂಡು ಪಿಎಸ್‌ಐ ಪರೀಕ್ಷೆಗೆ ಓದುತ್ತಾಳೆ. ಸಪ್ತಾಪುರ ಬಾವಿಯ ಸುತ್ತ ಎಲ್ಲಿ ನೋಡಿದರೂ ಕೋಚಿಂಗ್ ಫಲಕ, ಝೆರಾಕ್ಸ್ ಅಂಗಡಿ, ಖಾನಾವಳಿ. ಪುಸ್ತಕ ಹಿಡಿದವರೇ ಎಲ್ಲರೂ.

"ಇದು ಯಾವ ಸಾಲಿ ಅಕ್ಕಾ? ಎಲ್ಲಾರೂ ದೊಡ್ಡವ್ರ ಅದಾರ!"

"ಹಳ್ಳಿ ಮಂದಿ ಸಾಲಿ. ಹೆಡ್‌ಮಾಸ್ತರೂ ಇಲ್ಲ, ಗಂಟೀನೂ ಇಲ್ಲ" ಎಂದು ಅಕ್ಕ ನಕ್ಕಳು.

ಓದಲೆಂದು ಹಳ್ಳಿಯವರು ಇತ್ತ ಬರುವುದು ಹೊಸದಲ್ಲ. ಮೊದಲು ಪದವಿ ಬೇಕೆಂದರೆ ಪುಣೆ, ಮುಂಬಯಿಗೆ ಹೋಗಬೇಕಿತ್ತು. 1917ರಲ್ಲಿ ಇಲ್ಲಿ ಕರ್ನಾಟಕ ಕಾಲೇಜು ಶುರುವಾಯಿತು. ಅದರ ಚೆಂದದ ಕಲ್ಲಿನ ಕಟ್ಟಡ ಹಿಂದೆ ರೈಲ್ವೆ ಕಚೇರಿಯಾಗಿತ್ತು! 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವೂ ಸ್ಥಾಪನೆಯಾಯಿತು.

ಅಕ್ಕ ಎರಡು ಸಲ ಪರೀಕ್ಷೆಯಲ್ಲಿ ಸೋತಿದ್ದಾಳೆ. ಈ ಸಲದ ಬಾಡಿಗೆಗೆ ಅಪ್ಪ ಎಮ್ಮೆ ಮಾರಿದ್ದರು. ಅಕ್ಕನಿಗೆ ಹೇಳಬಾರದೆಂದು ನನ್ನಿಂದ ಆಣೆ ಮಾಡಿಸಿದ್ದರು.

ಗಂಟು ಬಿಚ್ಚಿದ ಅಕ್ಕ ಕೇಳಿದಳು, "ಬೆಣ್ಣಿ ತಂದಿಲ್ಲೇನು?"

ಅಪ್ಪ ಕಿಟಕಿಯತ್ತ ನೋಡಿದರು. ನಾನು ತಲೆ ತಗ್ಗಿಸಿದೆ.

ಅಕ್ಕ ಮತ್ತೇನೂ ಕೇಳಲಿಲ್ಲ. ರೊಟ್ಟಿ ಮುರಿದು ಮೊದಲು ಅಪ್ಪನ ಕೈಗಿಟ್ಟಳು. ಉಂಡ ಮೇಲೆ, ಗಂಟೆ ಬಾರಿಸದಿದ್ದರೂ, ಪುಸ್ತಕ ತೆರೆದು ಕುಳಿತಳು.