ಲಗ್ಗೆ ಹತ್ತುವ ಮಾತು

ದಾವಣಗೆರೆಯಿಂದ ಚಿತ್ರದುರ್ಗ ದೂರವೇನಲ್ಲ. ಆದರೂ ನಾವು ಕೋಟೆ ಕಂಡು ಹಲವು ವರ್ಷಗಳಾಗಿದ್ದವು. ಹರಿಹರದಿಂದ ಅಕ್ಕ ಮೊಮ್ಮಗನೊಡನೆ ಬಂದ ನೆವದಿಂದ ಕಳೆದ ಮಾಘದಲ್ಲಿ ಹೊರಟೆವು. ಕೋತಿರಾಜ್ ಎಂದೇ ಹೆಸರಾದ ಜ್ಯೋತಿರಾಜ್ ಬರಿಗೈಯಲ್ಲಿ ಆ ಗೋಡೆಗಳನ್ನು ಹತ್ತುವ ದೃಶ್ಯವನ್ನು ಮೊಬೈಲಿನಲ್ಲಿ ಕಂಡಿದ್ದ ಹುಡುಗ, ತಾನೂ ಬಂಡೆ ಹತ್ತುವ ಶಿಬಿರಕ್ಕೆ ಸೇರುವೆನೆಂದು ಊಟ ಬಿಟ್ಟು ಹಟ ಹಿಡಿದಿದ್ದ. ಅಕ್ಕ ಒಪ್ಪಿರಲಿಲ್ಲ. ತಂದೆಯನ್ನು ಕಳೆದುಕೊಂಡ ಮಗುವೆಂಬ ಅಳುಕು ಆಕೆಗೆ.

ಗೋಡೆಯ ಬುಡದಲ್ಲಿ ನಿಂತು ಆತ ಕೇಳಿದ: "ಅಜ್ಜ, ಹೈದರಾಲಿ ಸೈನಿಕರು ಇದನ್ನ ಹೆಂಗೆ ಹತ್ತಿದ್ರು?"

ನಮ್ಮ ನುಡಿಯಲ್ಲಿ ಯುದ್ಧವೆಂದರೆ ಹತ್ತುವುದೇ. ಕೋಟೆಗೆ ಲಗ್ಗೆ ಹತ್ತುತ್ತಾರೆ. ಶತ್ರುವಿನ ಮೇಲೆ ಏರಿ ಹೋಗುತ್ತಾರೆ. ಜಗಳಗಂಟ ನೆರೆಯವನೂ ಮೈಮೇಲೆ ಏರಿ ಬರುತ್ತಾನೆ. ಆದರೆ ಏಣಿಯ ಕೆಲಸ ಮಾತಿನಷ್ಟು ಸುಲಭವಲ್ಲ. ಗೋಡೆ 10 ಮೊಳವಿದ್ದರೆ ಏಣಿ 12 ಮೊಳವಿರಬೇಕು, ಅದರ ಬುಡ ಗೋಡೆಯಿಂದ 6 ಮೊಳ ದೂರವಿರಬೇಕು ಎಂಬ ಲೆಕ್ಕವನ್ನು ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಎರಡು ಸಾವಿರ ವರ್ಷಗಳ ಹಿಂದೆಯೇ ಹೇಳಿದ್ದಾನೆ. ಬುಡ ಇನ್ನೂ ದೂರವಾದರೆ ಹತ್ತುವವರ ಭಾರಕ್ಕೆ ಏಣಿ ಮುರಿಯುತ್ತದೆ; ಹತ್ತಿರವಾದರೆ ಮಗುಚುತ್ತದೆ. ದುರ್ಗದ ಬಂಡೆಗಳ ನಡುವೆ ಏಣಿಯೂರಲು ಸಮನೆಲವೆಲ್ಲಿ? ಉಡದ ಸೊಂಟಕ್ಕೆ ಹಗ್ಗ ಬಿಗಿದು ಏರಿದರೆಂಬ, 1670ರ ಸಿಂಹಗಡದ ಕಥೆಯನ್ನು ನಾವು ನಂಬಿದವರಲ್ಲ. ಉಡದ ಹಿಡಿತವೆಂಬ ಮಾತು ಮಾತ್ರ ಉಳಿದಿದೆ.

ಅದಕ್ಕೇ ಇರಬೇಕು, ದುರ್ಗದವರು ಇಂದಿಗೂ ಹೇಳುವ ಕಥೆ ಗೋಡೆ ಹತ್ತಿದವರದಲ್ಲ, ಕಿಂಡಿಯಲ್ಲಿ ನುಸುಳಿದವರದು. ಒಬ್ಬೊಬ್ಬರಾಗಿ ತಲೆ ತೂರಿಸಿದವರನ್ನು ಓಬವ್ವ ಒನಕೆಯಿಂದ ಬಡಿದಳೆಂದು ಪ್ರತೀತಿ. ಕಡೆಗೆ 1779ರಲ್ಲಿ ಕೋಟೆ ಹೈದರಾಲಿಯ ವಶವಾಯಿತು.

ಹುಡುಗ ಗಾರೆಯಿಲ್ಲದೆ ಜೋಡಿಸಿದ ಕಲ್ಲುಗಳ ಸಂದಿಗೆ ಬೆರಳು ತೂರಿಸಿ ನೋಡಿದ. ಉಗುರಷ್ಟೇ ಹಿಡಿಯಿತು.

ಒನಕೆ ಕಿಂಡಿಯ ಬಳಿ ಅಕ್ಕ ಮಂಡಿ ಹಿಡಿದು ಕುಳಿತಳು. ಬಹಳ ಹೊತ್ತು ಮಾತಿಲ್ಲ. ಆಮೇಲೆ ಮೊಮ್ಮಗನನ್ನು ಕೇಳಿದಳು: "ಶಿಬಿರದಾಗ ಹಗ್ಗ ಕಟ್ತಾರೇನೋ?"

"ಕಟ್ತಾರಜ್ಜಿ."

"ಆ ಹಗ್ಗ ಯಾರು ಹಿಡ್ಕಂತಾರೆ?"

"ಕೆಳಗೆ ಒಬ್ರು ನಿಂತಿರ್ತಾರೆ. ಹತ್ತೋನು ಇಳಿಯೋ ತನಕ ಬಿಡಂಗಿಲ್ಲ."

ಅಕ್ಕ ಏನೂ ಹೇಳಲಿಲ್ಲ. ಸಂಜೆ ದಾವಣಗೆರೆ ನಿಲ್ದಾಣದಲ್ಲಿ ಹರಿಹರದ ಬಸ್ಸಿಗೆ ಕಾಯುವಾಗ, ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು, "ಎಲ್ಲೈತೆ ಆ ಅರ್ಜಿ, ಕೊಡು" ಎಂದಳು.