ಯಾಣದ ಹಾದಿಯ ಹಳ್ಳಗಳು

‘ಸೊಕ್ಕಿದ್ದವನು ಯಾಣಕ್ಕೆ, ರೊಕ್ಕಿದ್ದವನು ಗೋಕರ್ಣಕ್ಕೆ’ ಎಂಬುದು ಉತ್ತರ ಕನ್ನಡದ ಗಾದೆ. ಕಾಡಿನಲ್ಲಿ ಬಹುದೂರ ನಡೆಯುವ ಎದೆಗಾರಿಕೆಯಿದ್ದವರಿಗೆ ಮಾತ್ರ ಆ ಕರಿಬಂಡೆಗಳ ದರ್ಶನವಾಗುತ್ತಿದ್ದ ಕಾಲದ ಮಾತದು. ಈಗ ಶಿರಸಿಯ ಕಡೆಯಿಂದ ವಾಹನವು ಬಂಡೆಗಳ ಸಮೀಪದವರೆಗೂ ಹೋಗುತ್ತದೆ. ಆದರೂ ಮಕ್ಕಳೊಡನೆ ಹೋಗುವವರು ಕುಮಟೆಯ ಕಡೆಯ ಕಾಲುದಾರಿಯನ್ನು ಹಿಡಿಯುವುದೇ ಲೇಸು. ಯಾಣದ ಸೊಗಸಿನಲ್ಲಿ ಅರ್ಧ ಪಾಲು ಹಾದಿಯದೇ.

ನವರಾತ್ರಿಯ ರಜೆಯಲ್ಲಿ ಬೆಂಗಳೂರಿನ ಕುಟುಂಬವೊಂದು ಈ ಹಾದಿಯಲ್ಲಿ ಹೊರಟಿತು. ತಂದೆ, ತಾಯಿ, ಹನ್ನೊಂದು ವರ್ಷದ ಮಗ, ಏಳು ವರ್ಷದ ಮಗಳು. ದಾರಿ ತೋರಲು ಊರಿನ ವೃದ್ಧರೊಬ್ಬರು, ತಲೆಗೆ ಅಡಿಕೆ ಹಾಳೆಯ ಟೊಪ್ಪಿಗೆ ಇಟ್ಟುಕೊಂಡು, ಮುಂದೆ ನಡೆದರು. ತುಸು ದೂರದಲ್ಲಿಯೇ ತಾಯಿಯ ಹಿಮ್ಮಡಿಗೆ ಉಂಬಳ ಹತ್ತಿತು. ಅವರು ಹೌಹಾರಿದಾಗ ಅಜ್ಜ ಕವಳದ ಸಂಚಿಯಿಂದ ಬೆರಳ ತುದಿಯಷ್ಟು ಸುಣ್ಣ ತೆಗೆದು ಸೋಕಿಸಿದರು, ಉಂಬಳ ಉದುರಿತು. ಮಕ್ಕಳಿಗೆ ಕಾಡಿನ ಭಯ ಹೋದದ್ದು ಅಲ್ಲಿಯೇ.

ಮೊದಲ ಹಳ್ಳದಲ್ಲಿ ಹುಡುಗ ಕಲ್ಲಿನಿಂದ ಕಲ್ಲಿಗೆ ಹಾರಲು ಹೋಗಿ ಪಾಚಿಯ ಮೇಲೆ ಜಾರಿ ಕುಳಿತ. “ಕಲ್ಲಿನ ಮೇಲಲ್ಲ ತಮ್ಮಾ, ಕಲ್ಲುಗಳ ನಡುವೆ ಕಾಲಿಡು” ಎಂದರು ಅಜ್ಜ. ಇಬ್ಬರಿಗೂ ಒಂದೊಂದು ಬಿದಿರ ಕೋಲು ಕೊಟ್ಟು, ನೀರು ಬರುವ ದಿಕ್ಕಿಗೆ ಮುಖಮಾಡಿ, ಕೋಲನ್ನು ಮೊದಲು ಊರಿ, ಅದು ನಿಂತ ಮೇಲೆ ಹೆಜ್ಜೆ ಕೀಳುವುದನ್ನು ಕಲಿಸಿದರು. ಮುಂದಿನ ಹಳ್ಳಕ್ಕೆ ಮರದ ಸಂಕವಿತ್ತು. ಅದರ ಮೇಲೆ ತಂದೆಯೇ ಹೆಚ್ಚು ನಡುಗಿದರೆಂದು ಮಗಳು ದಿನವಿಡೀ ಹೇಳುತ್ತಿದ್ದಳು.

ಮರಗಳ ನಡುವೆ ತಟ್ಟನೆ ಎದ್ದು ನಿಲ್ಲುವ ಭೈರವೇಶ್ವರ ಶಿಖರದ ಎತ್ತರ ಸುಮಾರು 120 ಮೀಟರು, ಮೋಹಿನಿ ಶಿಖರದ್ದು 90. ಭಸ್ಮಾಸುರನು ಇಲ್ಲಿಯೇ ಸುಟ್ಟು ಬೂದಿಯಾದನೆಂಬುದು ಸ್ಥಳಪುರಾಣ. ನೆಲ ಕಪ್ಪಾಗಿರುವುದೂ ಅದರಿಂದಲೇ ಎನ್ನುತ್ತಾರೆ. ಬಂಡೆಯ ಗವಿಯಲ್ಲಿ ಲಿಂಗದ ಮೇಲೆ ನೀರು ತೊಟ್ಟಿಕ್ಕುತ್ತದೆ. ಬಂಡೆಯ ಮೈಗೆ ಹೆಜ್ಜೇನು ಗೂಡು ಕಟ್ಟುವುದರಿಂದ ಇಲ್ಲಿ ಕೂಗಾಟ ಸಲ್ಲದು.

ಹಿಂದಿರುಗುವಾಗ ಘಟ್ಟದ ಮೇಲೆ ಗುಡುಗಿತು. ಹಾದಿಯಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಆದರೆ ಬೆಳಿಗ್ಗೆ ಜಾರಿ ಕುಳಿತ ಹಳ್ಳ ಈಗ ಕೆಮ್ಮಣ್ಣಿನ ಬಣ್ಣ ತಾಳಿ, ತರಗೆಲೆ ಕಡ್ಡಿಗಳನ್ನು ಹೊತ್ತು ಹರಿಯುತ್ತಿತ್ತು. ತಳದಲ್ಲಿ ಕಲ್ಲುಗಳು ಉರುಳುವ ಸದ್ದು ಕೇಳಿಸುತ್ತಿತ್ತು. “ಇಲ್ಲಿ ಮಳೆಯೇ ಇಲ್ಲವಲ್ಲ!” ಎಂದಳು ಮಗಳು. “ಮೇಲೆ ಬಂದಾಗಿದೆ ತಂಗೀ” ಎಂದು ಅಜ್ಜ ಬಂಡೆಯೊಂದರ ಮೇಲೆ ಕುಳಿತುಬಿಟ್ಟರು.

ತಂದೆಗೆ ಕುಮಟೆಯಲ್ಲಿ ರಾತ್ರಿಯ ರೈಲು ಹಿಡಿಯಬೇಕಿತ್ತು. “ಮೊಣಕಾಲುದ್ದದ ನೀರು ತಾನೇ? ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ದಾಟಿಬಿಡುತ್ತೇನೆ” ಎಂದರು.

“ದಾಟುವವರು ನೀವು. ಕಾಲು ಜಾರಿದರೆ ಹೋಗುವವಳು ಅವಳು.”

ತಂದೆಯ ಮುಖ ಕೆಂಪಾಯಿತು. ತಾಯಿ ಮಾತನಾಡದೆ ಮಗಳ ಕೈಹಿಡಿದು ಅಜ್ಜನ ಬಳಿ ಕುಳಿತರು. ತಂದೆ ಸ್ವಲ್ಪ ಹೊತ್ತು ದಡದಲ್ಲಿಯೇ ನಿಂತಿದ್ದರು. ಮೊಣಕಾಲುದ್ದದ ನೀರೂ ರಭಸವಿದ್ದರೆ ಗಟ್ಟಿಮುಟ್ಟಾದ ಆಳನ್ನು ಕೆಡವಬಲ್ಲದು. ಅಷ್ಟರಲ್ಲಿ ತೊಡೆಗಾತ್ರದ ಕೊಂಬೆಯೊಂದು ತೇಲಿಬಂದು, ಅವರು ಇಳಿಯಲಿದ್ದ ಜಾಗದಲ್ಲಿಯೇ ಮಗುಚಿಕೊಂಡು ಹೋಯಿತು. ಅವರೂ ಬಂದು ಕುಳಿತರು.

ಅಜ್ಜ ಹುಡುಗಿಯ ಕೋಲನ್ನು ನೀರಿನಂಚಿಗೆ ನೆಟ್ಟು ಕಾಯಲು ಹೇಳಿದರು. ಮಲೆಯ ಹಳ್ಳಗಳು ಏರುವಂತೆಯೇ ಬೇಗ ಇಳಿಯುತ್ತವೆ. ಗಂಟೆಯೊಂದು ಕಳೆದಾಗ ಕೋಲಿಗೂ ನೀರಿಗೂ ಒಂದು ಮೊಳದ ಅಂತರವಾಯಿತು. ಅವಳು ಕೂಗಿ ಸಾರಿದಳು. ಅಜ್ಜ ತಾವೇ ಮೊದಲು ಆಚೆ ದಡ ಮುಟ್ಟಿ, ಮರಳಿ ಬಂದು, ಒಬ್ಬೊಬ್ಬರನ್ನೇ ಕೈಹಿಡಿದು ದಾಟಿಸಿದರು.

ರೈಲು ತಪ್ಪಿತು. ಕುಮಟೆಯ ನಿಲ್ದಾಣದಲ್ಲಿ ತಂದೆ ಮರುದಿನದ ಟಿಕೆಟಿಗಾಗಿ ಸಾಲಿನಲ್ಲಿ ನಿಂತಿದ್ದಾಗ, ಬಿದಿರ ಕೋಲನ್ನು ರೈಲಿನಲ್ಲಿ ಒಯ್ಯಬಹುದೇ ಎಂದು ಮಗಳು ಅವರ ಅಂಗಿಯನ್ನು ಜಗ್ಗಿ ಕೇಳುತ್ತಿದ್ದಳು.